ಇನ್‌ಸ್ಟಾಲ್ ಮಾಡ್ದೇನೇ ಪೆನ್‌ಡ್ರೈವ್‌ನಿಂದಾನೇ ವಿಎಲ್‌ಸಿ ಅನ್ನೋ ವಿಡಿಯೋ ಪ್ಲೇಯರ್ ಹೇಗೆ ಎಲ್ಲಾ ಥರದ ವಿಡಿಯೋ ಪ್ಲೇ ಮಾಡುತ್ತೆ?

ಅದಕ್ಕೆ ಬೇಕಾದ್ದೆಲ್ಲಾ ಅದರ ಫೋಲ್ಡರ್‌ನಲ್ಲೇ ಇರುತ್ತೆ, ಅದಕ್ಕೇ.

ಎಂಪಿ4, ಎಂಕೆವಿ ಥರದ ವಿಡಿಯೋ ಫೈಲ್ ಅನ್ನೋದು ಬರೀ ಡಬ್ಬ, ಒಳಗಿರೋ ಚಿತ್ರ-ಧ್ವನಿನ ಸಣ್ಣದಾಗಿ ಒತ್ತಿ ಇಟ್ಟಿರ್ತಾರೆ, ಅದನ್ನ ಬಿಚ್ಚೋ ಪ್ರೋಗ್ರಾಂಗೇ ಕೋಡೆಕ್ ಅಂತಾರೆ. ಕೆಲವು ಪ್ಲೇಯರ್‌ಗಳು ಈ ಕೋಡೆಕ್‌ಗೆ ವಿಂಡೋಸ್‌ನ ನಂಬ್ಕೊಂಡಿರುತ್ತೆ, ಅಲ್ಲಿಲ್ಲ ಅಂದ್ರೆ ಧ್ವನಿ ಮಾತ್ರ ಬರುತ್ತೆ ಇಲ್ಲಾ ಎರರ್ ಬರುತ್ತೆ. ವಿಎಲ್‌ಸಿ ಹಾಗಲ್ಲ, ಹೆಚ್ಚುಕಮ್ಮಿ ಎಲ್ಲಾ ಕೋಡೆಕ್ ತನ್ನ ಜೊತೇಲೇ ತರುತ್ತೆ, ಹಾಗಾಗಿ ಹೆಚ್ಚುಕಮ್ಮಿ ಯಾವ ವಿಂಡೋಸ್ ಕಂಪ್ಯೂಟರ್‌ಗೆ ಪೆನ್‌ಡ್ರೈವ್ ಚುಚ್ಚಿದ್ರೂ ಓಡುತ್ತೆ, ಅಡ್ಮಿನ್ ಪಾಸ್‌ವರ್ಡೂ ಕೇಳಲ್ಲ. 1996ರಲ್ಲಿ ಪ್ಯಾರಿಸ್‌ನ ಕಾಲೇಜು ಹುಡುಗರು ಶುರು ಮಾಡಿದ್ ಪ್ರಾಜೆಕ್ಟ್ ಇದು, ಇವತ್ತಿಗೂ ಪೂರ್ತಿ ಫ್ರೀ, ನಿಜವಾಗ್ಲೂ ದೊಡ್ಡ ಕೆಲಸ.

ಒಂದು ವಿಷಯ ಮಾತ್ರ ಗಮನಿಸಿ. ಅಧಿಕೃತ ಸೈಟ್‌ನ ಜಿಪ್ ಫೈಲ್ ಬಿಚ್ಚಿ ಹಾಗೇ ಓಡಿಸಿದ್ರೆ ಸೆಟ್ಟಿಂಗ್ಸ್ ಎಲ್ಲಾ ಆ ಕಂಪ್ಯೂಟರ್‌ನ ಯೂಸರ್ ಫೋಲ್ಡರ್‌ಗೇ ಹೋಗಿ ಕೂರುತ್ತೆ, ಬೇರೆಯವರ ಕಂಪ್ಯೂಟರ್ ಆದ್ರೆ ಇದು ಒಳ್ಳೇದಲ್ಲ. ವಿಎಲ್‌ಸಿ ಪ್ರೋಗ್ರಾಂ ಫೈಲ್ (vlc.exe) ಪಕ್ಕದಲ್ಲೇ ಇಂಗ್ಲಿಷಲ್ಲಿ ‘ಪೋರ್ಟಬಲ್’ (portable) ಅಂತ ಹೆಸರಿಟ್ಟು ಒಂದು ಖಾಲಿ ಫೋಲ್ಡರ್ ಮಾಡ್ಬಿಡಿ, ಆಮೇಲಿಂದ ಸೆಟ್ಟಿಂಗ್ಸ್ ಅದರೊಳಗೇ ಸೇವ್ ಆಗುತ್ತೆ.