ನಾಲ್ಕು ಕವಡೆಗಳಲ್ಲಿ ಎರಡು ಅಂಗಾತ ಬೀಳುವ ಸಂಭವನೀಯತೆ ಎಷ್ಟು?

ನಾಲ್ಕು ಕವಡೆ ಎಸೆದಾಗ ಅಂಗಾತ ಬೀಳುವವು ಸೊನ್ನೆಯಿಂದ ನಾಲ್ಕರವರೆಗೆ ಐದು ಬಗೆಯಾದುದರಿಂದ, ಎರಡು ಬೀಳುವ ಸಂಭವನೀಯತೆ 1/5 ಅಲ್ಲವೇ ಎಂದು ಕೇಳಿದ್ದೀರಿ. ಅಲ್ಲ, ಆ ಐದು ಬಗೆಗಳು ಸಮಸಂಭವವಲ್ಲ. ಉಡುಪಿಯ ನಮ್ಮ ಮನೆಯ ಜಗಲಿಯಲ್ಲಿ ಆಟಿ ತಿಂಗಳ ಮಳೆಗೆ ಕೂತು ಕವಡೆಯಾಡಿದವರಿಗೆಲ್ಲ, ನಾಲ್ಕೂ ಅಂಗಾತ ಬೀಳಲು ಎಷ್ಟು ಕಾಯಬೇಕೆಂಬುದು ಗೊತ್ತು.

ಎಣಿಸುವಾಗ ಒಂದೊಂದು ಕವಡೆಯನ್ನೂ ಬೇರೆಬೇರೆಯಾಗಿ ಗುರುತಿಸಬೇಕು. ಮಕ್ಕಳಿಗೆ ಹೇಳಿಕೊಡುವಾಗ ನಾನು ಅವುಗಳ ಬೆನ್ನಿಗೆ ಕೆಂಪು, ಹಳದಿ, ನೀಲಿ, ಹಸಿರು ಚುಕ್ಕೆ ಇಡುತ್ತೇನೆ. ಪ್ರತಿಯೊಂದೂ ಅಂಗಾತ ಇಲ್ಲವೇ ಕವುಚಿ ಬೀಳುವುದರಿಂದ ಒಟ್ಟು ಫಲಿತಗಳು 2×2×2×2, ಅಂದರೆ 16. ನಾಲ್ಕೂ ಅಂಗಾತವಾಗುವುದು ಒಂದೇ ರೀತಿಯಲ್ಲಿ; ಎರಡು ಅಂಗಾತವಾಗುವುದು ಕೆಂಪು-ಹಳದಿ, ಕೆಂಪು-ನೀಲಿ, ಕೆಂಪು-ಹಸಿರು, ಹಳದಿ-ನೀಲಿ, ಹಳದಿ-ಹಸಿರು, ನೀಲಿ-ಹಸಿರು ಎಂದು ಆರು ರೀತಿಯಲ್ಲಿ. ಪಟ್ಟಿ ಮಾಡದೆಯೂ (4×3)÷(1×2) = 6 ಎಂದು ಪಡೆಯಬಹುದು. ಇಳಿಯುವ ಸಂಖ್ಯೆಗಳ ಗುಣಲಬ್ಧವನ್ನು ಏರುವ ಸಂಖ್ಯೆಗಳ ಗುಣಲಬ್ಧದಿಂದ ಭಾಗಿಸುವ ಈ ನಿಯಮವನ್ನು ಮಹಾವೀರಾಚಾರ್ಯರು 9ನೆಯ ಶತಮಾನದಲ್ಲೇ ‘ಗಣಿತಸಾರಸಂಗ್ರಹ’ದಲ್ಲಿ ಕೊಟ್ಟಿದ್ದಾರೆಂಬುದು ನನಗೆ ಬಹಳ ಹೆಮ್ಮೆಯ ವಿಷಯ. ಹಾಗಾಗಿ ಉತ್ತರ 6/16, ಅಂದರೆ 0.375.

ಆದರೆ ಇದು ಎರಡೂ ಬದಿಗೆ ಸಮಾನ ಅವಕಾಶವಿದ್ದಾಗ ಮಾತ್ರ ಸರಿ. ಕವಡೆಯ ಒಂದು ಬದಿ ಉಬ್ಬು, ಇನ್ನೊಂದು ಬದಿ ಸೀಳುಬಾಯಿ. ಬೆನ್ನು ತೇಯ್ದರಂತೂ ಅದು ಕೂರುವ ರೀತಿಯೇ ಬದಲಾಗುತ್ತದೆ. ಒಂದು ಕವಡೆ ಅಂಗಾತ ಬೀಳುವ ಸಂಭವನೀಯತೆ 0.4 ಎಂದಿಟ್ಟುಕೊಳ್ಳಿ. ಆಗ ಕೆಂಪು-ಹಳದಿ ಮಾತ್ರ ಅಂಗಾತವಾಗುವ ಸಂಭವನೀಯತೆ 0.4×0.4×0.6×0.6 = 0.0576, ಉಳಿದ ಐದು ಜೋಡಿಗಳಿಗೂ ಅಷ್ಟೇ. ಆರರಿಂದ ಗುಣಿಸಿದರೆ 0.3456. ದ್ವಿಪದ ಸೂತ್ರವೆಂದರೆ ಇಷ್ಟೇ: ರೀತಿಗಳ ಸಂಖ್ಯೆಯನ್ನು ಒಂದು ರೀತಿಯ ಸಂಭವನೀಯತೆಯಿಂದ ಗುಣಿಸುವುದು. ನಾಲ್ಕೂ ಅಂಗಾತವಾಗುವುದು ಈಗ 0.0256ಕ್ಕೆ, ಅಂದರೆ ಸರಾಸರಿ 39 ಎಸೆತಕ್ಕೊಮ್ಮೆಗೆ ಇಳಿಯುತ್ತದೆ. ಸಮಾನ ಅವಕಾಶವಿದ್ದರೆ ಅದು 16ಕ್ಕೊಮ್ಮೆ.

ಒಂದು ಎಚ್ಚರ: ನಾಲ್ಕು ಕವಡೆಗಳೂ ಒಂದೇ ಸಂಭವನೀಯತೆಯವಾಗಿದ್ದು, ಒಂದರ ಬೀಳುವಿಕೆ ಇನ್ನೊಂದನ್ನು ಪ್ರಭಾವಿಸದಿದ್ದರೆ ಮಾತ್ರ ಈ ಸೂತ್ರ ನಿಲ್ಲುತ್ತದೆ. ನಿಮ್ಮ ಡಬ್ಬಿಯಲ್ಲಿ ಒಂದು ಬೆನ್ನು ತೇಯ್ದ ಕವಡೆಯೂ ಮೂರು ತೇಯದವೂ ಇದ್ದರೆ ಆರು ಜೋಡಿಗಳ ಸಂಭವನೀಯತೆಯನ್ನು ಬೇರೆಬೇರೆಯಾಗಿ ಕಂಡುಹಿಡಿದು ಕೂಡಿಸಬೇಕು.