ಓದುಗರು ಕೇಳಿದ್ದು: ಬಯಲುಸೀಮೆಯಲ್ಲಿ ಓದೋಕೆ ಏನಿದೆ?

ಪ್ರಶ್ನೆ: ಬಿ.ಎ. ಕೊನೆಯ ವರ್ಷದಲ್ಲಿದ್ದೇನೆ. ಮನುಷ್ಯ ಮತ್ತು ಪರಿಸರದ ಸಂಬಂಧದ ಬಗ್ಗೆ ಮುಂದೆ ಓದುವ ಆಸೆ. 'ಅದಕ್ಕೆ ಸೈನ್ಸ್ ಆಗಿರಬೇಕು, ಮಲೆನಾಡಿಗೆ ಹೋಗಬೇಕು, ನಮ್ಮಲ್ಲಿ ಜಾಲಿ ಬಿಟ್ಟರೆ ಏನಿದೆ' ಅಂತಾರೆ ಎಲ್ಲರೂ. ನಿಜಾನಾ?
– ವಿದ್ಯಾರ್ಥಿನಿ, ಚಳ್ಳಕೆರೆ

ಉತ್ತರ: ಅರ್ಧ ನಿಜ ಕಣಮ್ಮ. ಪರಿಸರ ವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡೋಕೆ ಸೈನ್ಸ್ ಬೇಕು. ಆದರೆ ಭೂಗೋಳ, ಇತಿಹಾಸ, ಮಾನವಶಾಸ್ತ್ರ ಯಾವುದರಿಂದ ಹೋದರೂ ಈ ವಿಷಯಕ್ಕೆ ದಾರಿ ಇದೆ. ಡಿಗ್ರಿಯಲ್ಲಿ ಕಡ್ಡಾಯ ಅಂತ ಓದಿದ ಪರಿಸರ ಅಧ್ಯಯನದ ಪೇಪರ್ ನೋಡಿ ಬೇಜಾರಾಗಬೇಡ. ಅದು ಸುಪ್ರೀಂ ಕೋರ್ಟಿನ 1991ರ ಆದೇಶದಿಂದ ಬಂದದ್ದು, ಉದ್ದೇಶ ಒಳ್ಳೆಯದೇ, ಆದರೆ ಓಝೋನ್ ಪದರದ ಬಗ್ಗೆ ಹತ್ತು ಮಾರ್ಕಿಗೆ ಬರೆದವರು ತಮ್ಮೂರಿನ ಕೆರೆಗೆ ನೀರು ಎಲ್ಲಿಂದ ಬರುತ್ತೆ ಅಂತ ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ.

ಇನ್ನು ಏನಿದೆ ಅನ್ನೋ ಮಾತು. ಚಿತ್ರದುರ್ಗದ ಕೋಟೆ ಹತ್ತಿದ್ದೀಯಲ್ವಾ? ಬಂಡೆ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡಕ್ಕೆ ಇಳಿಯುತ್ತೆ, ಅದು ತುಂಬಿದರೆ ಅಕ್ಕತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡ, ಕೊನೆಗೆ ಊರೊಳಗಿನ ಸಂತೆಹೊಂಡ. ಕಡಿಮೆ ಮಳೆಯ ಊರಲ್ಲಿ ಒಂದು ಹನಿಯನ್ನೂ ಸುಮ್ನೆ ಬಿಡಬಾರದು ಅಂತ ಲೆಕ್ಕ ಹಾಕಿದವರು ಯಾರು, ಹೂಳು ಎತ್ತುತ್ತಿದ್ದವರು ಯಾರು, ಆ ಕೆಲಸ ಯಾವಾಗ ನಿಂತಿತು? ಇದರಲ್ಲೇ ಒಂದು ಪಿಎಚ್.ಡಿ. ಇದೆ.

ನಿಮ್ಮ ತಾಲ್ಲೂಕಿನ ಕಾವಲುಗಳನ್ನೇ ನೋಡು. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ತಳಿಯ ದನಗಳಿಗೆ ಬಿಟ್ಟ ಹುಲ್ಲುಗಾವಲು ಅದು. ಮರ ಇಲ್ಲ ಅಂದ ಮಾತ್ರಕ್ಕೆ ಪಾಳು ಜಾಗ ಅಂತ ಬರೆಯೋ ಕಡತಗಳಿವೆ, ಕುರಿ ಕಾಯುವವರನ್ನು ಕೇಳಿದರೆ ಯಾವ ಹುಲ್ಲು ಯಾವ ಮಳೆಗೆ ಏಳುತ್ತೆ ಅಂತ ಹೇಳುತ್ತಾರೆ. ಅಲ್ಲಿ ಸಾವಿರಾರು ಎಕರೆ ವಿಜ್ಞಾನ, ರಕ್ಷಣಾ ಸಂಸ್ಥೆಗಳಿಗೆ ಹೋಗಿದೆ. ದೇಶಕ್ಕೆ ಅವು ಬೇಕು, ಸರಿ. ಬೇಲಿ ಬಿದ್ದ ಮೇಲೆ ಆ ಕುರಿಗಳು ಎಲ್ಲಿ ಮೇಯುತ್ತಿವೆ ಅನ್ನೋದನ್ನೂ ಯಾರಾದರೂ ಕೂತು ಬರೆಯಬೇಕಲ್ವಾ? ನನ್ನ ಪ್ರಕಾರ ಅದನ್ನು ಬರೆಯೋಕೆ ನಿನಗಿಂತ ಹತ್ತಿರದವರು ಸಿಗಲ್ಲ.

ಪ್ರಶ್ನೆ: ಕೆರೆ ಬಗ್ಗೆ ಪ್ರಾಜೆಕ್ಟ್ ಮಾಡ್ತಿದ್ದೇನೆ. ಪ್ರಶ್ನೆಪಟ್ಟಿ ಹಿಡಿದು ಹೋದರೆ ಊರಿನವರು ಸರಿಯಾಗಿ ಮಾತಾಡಲ್ಲ.
– ಓದುಗ, ಚನ್ನಗಿರಿ

ಉತ್ತರ: ಪಟ್ಟಿ ಮನೆಯಲ್ಲಿಡಿ. ಪೇಪರ್ ಕಂಡ ಕೂಡಲೇ ಒತ್ತುವರಿ ಅಳೆಯೋಕೆ ಬಂದವರು ಅಂದುಕೊಳ್ಳುತ್ತಾರೆ. ಮೊದಲು ಏರಿ ಮೇಲೆ ನಡೆಯಿರಿ, ಗದ್ದೆಗೆ ನೀರು ಬಿಡುವ ತೂಬು, ಹೆಚ್ಚಿನ ನೀರು ಹೊರಹೋಗುವ ಕೋಡಿ ನೋಡಿ, ಆಮೇಲೆ ಹಿಂದೆ ನೀರುಗಂಟಿ ಕೆಲಸ, ಅಂದ್ರೆ ಕೆರೆ ನೀರನ್ನು ಗದ್ದೆಗಳಿಗೆ ಹಂಚುವ ಕೆಲಸ ಮಾಡಿದ ಮನೆ ಯಾವುದು ಅಂತ ವಿಚಾರಿಸಿ. 'ಮೊದಲ ಬೋರ್ ಯಾವಾಗ ಹೊಡೆಸಿದ್ರಿ, ಎಷ್ಟು ಅಡಿಗೆ ನೀರು ಬಂತು, ಅಡಿಕೆ ಹಾಕಿದ್ದು ಅದಕ್ಕಿಂತ ಮುಂಚೆನಾ ಆಮೇಲಾ' ಅಂತ ಕೇಳಿ ನೋಡಿ, ಮಾತು ನಿಲ್ಲಿಸೋದೇ ಕಷ್ಟ ಆಗುತ್ತೆ. ಹೆಂಗಸರನ್ನೂ ಕೇಳಿ, ನೀರು ಹೊತ್ತವರು ಅವರೇ. ಹಳೆಯ ಗ್ರಾಮನಕ್ಷೆ ಭೂದಾಖಲೆ ಕಚೇರಿಯಲ್ಲಿ ಸಿಗುತ್ತೆ, ಕೆರೆಗೆ ಬರುವ ಹಳ್ಳಗಳನ್ನು ಅದರಲ್ಲಿ ಗುರುತು ಮಾಡಿಕೊಂಡು ಮಳೆಗಾಲದಲ್ಲಿ ಒಮ್ಮೆ ನಡೆದು ನೋಡಿ.