ವೈಬಿಸಿಒಗೆ ಯಾವ ರೇರ್ ಅರ್ಥ್ ಸೇರಿಸಿದರೆ ಟಿಸಿ ಏರುತ್ತದೆ?

ಎಂ.ಎಸ್ಸಿ ಪ್ರಾಜೆಕ್ಟ್, ಮಡಿಕೇರಿ, ಅದೂ ಜುಲೈ ತಿಂಗಳು. ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ನಾನೂ ಅಲ್ಲೇ ಮುಗ್ಗರಿಸಿದವನು. ವೈಬಿಸಿಒ ಅಂದರೆ ಇಟ್ರಿಯಂ, ಬೇರಿಯಂ, ತಾಮ್ರ, ಆಮ್ಲಜನಕ ಸೇರಿದ ಸೂಪರ್‌ಕಂಡಕ್ಟರ್, ತುಂಬಾ ತಣ್ಣಗಾದಾಗ ಪ್ರತಿರೋಧವೇ ಇಲ್ಲದೆ ವಿದ್ಯುತ್ ಹರಿಸುವ ವಸ್ತು. ಟಿಸಿ ಅಂದರೆ ಅದು ಹಾಗಾಗುವ ತಾಪಮಾನ. ರೇರ್ ಅರ್ಥ್ ಅಂದರೆ ಇಟ್ರಿಯಂ, ಲ್ಯಾಂಥನಮ್, ನಿಯೋಡಿಮಿಯಂ ಗುಂಪಿನ ಲೋಹಗಳು.

ನನ್ನದು ಲ್ಯಾಂಥನಮ್-ಸ್ಟ್ರಾನ್ಷಿಯಂ ಕುಪ್ರೇಟ್, ಅದೂ ತಾಮ್ರ-ಆಮ್ಲಜನಕ ಇರುವ ವಸ್ತುವೇ. ಸರಿಯಾಗಿ ಮಾಡಿದರೆ 38 ಕೆಲ್ವಿನ್ ಸುತ್ತಮುತ್ತ ಸೂಪರ್‌ಕಂಡಕ್ಟರ್ ಆಗುತ್ತದೆ. ಲ್ಯಾಂಥನಮ್ ಕಡಿಮೆ ಮಾಡಿ ಆ ಜಾಗಕ್ಕೆ ನಿಯೋಡಿಮಿಯಂ ಹಾಕುತ್ತಾ ಹೋದೆ. ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್-ಕಿರಣ ಬಿಟ್ಟು ಹರಳಿನ ರಚನೆ ನೋಡುವ ಪರೀಕ್ಷೆ) 35.5 ಮತ್ತು 38.7 ಡಿಗ್ರಿ ಕೋನದ ಹತ್ತಿರ ಹೊಸ ಪೀಕ್ ಕಂಡವು. ನಿಯೋಡಿಮಿಯಂ ರಚನೆಯನ್ನೇ ಬದಲಿಸಿದೆ ಎಂದು ಒಂದು ಅಧ್ಯಾಯ ಬರೆದೇ ಬಿಟ್ಟೆ. ಗೈಡ್ ಕೇಳಿದ್ದು ಇಷ್ಟೇ: "ನಿಯೋಡಿಮಿಯಂ ಹಾಕದ ಸ್ಯಾಂಪಲ್‌ನಲ್ಲಿ ಏನಿದೆ?" ಅದರಲ್ಲೂ ಅವೇ ಪೀಕ್! ಅದು ಬರೀ ಕಾಪರ್ ಆಕ್ಸೈಡ್. ಜೊತೆ ಸೇರಲು ಲ್ಯಾಂಥನಮ್ ಸಾಲದೆ ಮಿಕ್ಕಿದ್ದು.

ಮಿಕ್ಕಿದ್ದು ಯಾಕೆ ಅಂದರೆ ಲ್ಯಾಂಥನಮ್ ಆಕ್ಸೈಡ್ ಗಾಳಿಯ ತೇವ ಹೀರಿ ಹೈಡ್ರಾಕ್ಸೈಡ್ ಆಗುತ್ತದೆ. ಪೂರ್ತಿ ಹಾಗಾದರೆ 100 ಗ್ರಾಂ ಪುಡಿಯಲ್ಲಿ ಆಕ್ಸೈಡ್ ಇರುವುದು ಸುಮಾರು 86 ಗ್ರಾಂ. ಮೊದಲೂ ಬಿಳಿ ಪುಡಿ, ಆಮೇಲೂ ಬಿಳಿ ಪುಡಿ, ಕಣ್ಣಿಗೆ ಗೊತ್ತೇ ಆಗಲ್ಲ. ನಾನು ಬಾಟಲಿ ತೆರೆದಿಟ್ಟು, ಹೊರಗೆ ಧೋ ಎಂದು ಮಳೆ ಸುರಿಯುತ್ತಿದ್ದಾಗ, ನಾಲ್ಕು ದಶಾಂಶದವರೆಗೆ ಶ್ರದ್ಧೆಯಿಂದ ತೂಗಿದ್ದೆ. ಒಣಗದ ಕಾಳುಮೆಣಸನ್ನು ತಕ್ಕಡಿಗೆ ಹಾಕಿದ ಹಾಗೆ. ಲ್ಯಾಂಥನಮ್ ಕಡಿಮೆಯಾದಾಗ ಸ್ಟ್ರಾನ್ಷಿಯಂ ಪಾಲು ಏರುತ್ತದೆ, ರಂಧ್ರಗಳ (ಎಲೆಕ್ಟ್ರಾನ್ ಇಲ್ಲದ ಖಾಲಿ ಜಾಗಗಳು, ವಿದ್ಯುತ್ ಹೊರುವುದು ಇವೇ) ಲೆಕ್ಕವೂ ತಪ್ಪುತ್ತದೆ. ಟಿಸಿ ಏನೇ ಬಂದರೂ ಅದನ್ನು ನಿಯೋಡಿಮಿಯಂ ತಲೆಗೆ ಕಟ್ಟುವ ಹಾಗಿಲ್ಲ. ಅಷ್ಟೂ ಪೆಲೆಟ್ ಕಸಕ್ಕೆ ಹೋಯಿತು. ಪುಡಿಯನ್ನು 900 ಡಿಗ್ರಿಯಲ್ಲಿ ರಾತ್ರಿಯಿಡೀ ಕಾಯಿಸಿ, ಡೆಸಿಕೇಟರ್‌ನಲ್ಲಿ (ತೇವ ತಾಗದ ಮುಚ್ಚಿದ ಪಾತ್ರೆ) ಆರಿಸಿ, ತಕ್ಷಣ ತೂಗಬೇಕಿತ್ತು.

ಇನ್ನು ನಿಮ್ಮ ಪ್ರಶ್ನೆ. ಟಿಸಿ ಏರಿಸುವ ಆಸೆ ಬಿಡಿ. ವೈಬಿಸಿಒದಲ್ಲಿ ಇಟ್ರಿಯಂ ತೆಗೆದು ಗ್ಯಾಡೊಲಿನಿಯಂ, ಹೋಲ್ಮಿಯಂ, ಎರ್ಬಿಯಂ ಯಾವುದನ್ನೇ ಹಾಕಿ, 90 ಕೆಲ್ವಿನ್ ಆಸುಪಾಸಿನಲ್ಲೇ ಇರುತ್ತದೆ. ಗ್ಯಾಡೊಲಿನಿಯಂಗೆ ಅಷ್ಟು ದೊಡ್ಡ ಕಾಂತಗುಣವಿದ್ದರೂ ಏನೂ ಆಗಲ್ಲ. 1987ರಲ್ಲೇ ಇದು ಗೊತ್ತಾಗಿತ್ತು. ಸೂಪರ್‌ಕಂಡಕ್ಟಿವಿಟಿ ನಡೆಯುವುದು ತಾಮ್ರ-ಆಮ್ಲಜನಕದ ಪದರಗಳಲ್ಲಿ. ನಡುವೆ ಕೂತ ರೇರ್ ಅರ್ಥ್‌ಗೆ ಅದರ ಗೊಡವೆ ಇಲ್ಲ.

ಪ್ರೇಸಿಯೋಡಿಮಿಯಂ ಮಾತ್ರ ಹಾಗಲ್ಲ. ಅದರ 4ಎಫ್ ಎಂಬ ಒಳಪದರದ ಎಲೆಕ್ಟ್ರಾನುಗಳು ಪಕ್ಕದ ಆಮ್ಲಜನಕದ ಜೊತೆ ಬೆರೆತು ರಂಧ್ರಗಳನ್ನು ಕಟ್ಟಿಹಾಕುತ್ತವೆ ಎಂಬುದು ಹೆಚ್ಚು ಜನ ಒಪ್ಪುವ ವಿವರಣೆ. ಇಟ್ರಿಯಂನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಬದಲಿಸಿದರೆ ಟಿಸಿ ಪೂರ್ತಿ ಮಾಯ. ನನ್ನ ಕೇಳಿದರೆ ಅದನ್ನೇ ಮಾಡಿ. ಏರಿಸುವುದಕ್ಕಿಂತ ಕೊಲ್ಲುವುದರಲ್ಲೇ ಕಲಿಯಲು ಜಾಸ್ತಿ ಇದೆ. ನಿಯೋಡಿಮಿಯಂ, ಸಮೇರಿಯಂ ಬೇಡ. ಅವು ದೊಡ್ಡ ಅಯಾನುಗಳು, ಬೇರಿಯಂ ಜಾಗಕ್ಕೂ ನುಗ್ಗಿ ತಲೆ ತಿನ್ನುತ್ತವೆ.

ಮೊದಲು ಏನೂ ಬೆರೆಸದ ವೈಬಿಸಿಒ ಮಾಡಿ. ಆಮ್ಲಜನಕ ಹರಿಸುತ್ತಾ 450 ಡಿಗ್ರಿ ಹತ್ತಿರ ತುಂಬಾ ಹೊತ್ತು ಇಡಿ, ಇಲ್ಲದಿದ್ದರೆ ಸೂಪರ್‌ಕಂಡಕ್ಟರ್ ಆಗದ ಚೌಕ ರಚನೆಯಲ್ಲೇ ಉಳಿದುಬಿಡುತ್ತದೆ. ಮಧ್ಯೆ ಕರೆಂಟ್ ಹೋದರೆ, ಹೋಗೇ ಹೋಗುತ್ತೆ ಅಲ್ವಾ, ಆ ಹಂತವನ್ನು ಮತ್ತೆ ಮಾಡಿ. ಅದರ ಟಿಸಿ 90 ಕೆಲ್ವಿನ್ ಹತ್ತಿರ ಬಂದ ಮೇಲೆ ಪ್ರೇಸಿಯೋಡಿಮಿಯಂ ಬಾಟಲಿ ತೆಗೆಯಿರಿ.